ಆಯಿ 65 ದಾಟ್ಯಾಳ, ಮುಂದ?

ಇವತ್ತಿನ ಕಂತು ವಯಸ್ಸಿನ ಲೆಕ್ಕದ್ದು. ಹುಟ್ಟಿದ ನೂರು ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ 65 ಮುಟ್ತಾರ?

ಇದನ್ನ ತಿಳಿಯಾಕ ಯಾರೂ 65 ವರ್ಷ ಕಾಯೋದಿಲ್ಲ. ಈಗ ಒಂದನೇ ವಯಸ್ಸಿನಲ್ಲಿ ಸಾವು ಎಷ್ಟು, ಇಪ್ಪತ್ತರಲ್ಲಿ ಎಷ್ಟು, ಐವತ್ತರಲ್ಲಿ ಎಷ್ಟು ಅಂತ ತಗೊಂಡು, ಅವೇ ದರಗಳನ್ನ ನೂರು ಕೂಸುಗಳ ಮೇಲೆ ವರ್ಷವರ್ಷಕ್ಕೂ ಹಾಕಿ ಕಳೀತಾ ಹೋಗ್ತಾರ. ಬಿ.ಕಾಂ. ಓದಿದವರಿಗೆ ಸವಕಳಿ ಲೆಕ್ಕ ನೆನಪಾಗಬಹುದು. ಉಳಿದದ್ದೇ ಉತ್ತರ. ಇದು ಭವಿಷ್ಯ ಅಲ್ಲ, ಇವತ್ತಿನ ಫೋಟೋ.

ಸ್ವಾತಂತ್ರ್ಯದ ಹೊತ್ತಿಗೆ ಭಾರತದ ಸರಾಸರಿ ಆಯುಸ್ಸು 32ರ ಆಸುಪಾಸು. ಹಂಗಂತ ಎಲ್ಲಾರೂ 32ಕ್ಕೆ ಹೋಗ್ತಿದ್ರು ಅಂತಲ್ಲ. ತೊಟ್ಟಿಲಲ್ಲೇ ಹೋದ ಕೂಸುಗಳು ಸರಾಸರಿನ ಕೆಳಗ ಎಳೀತಿದ್ವು. ಹೆಣ್ಣುಮಕ್ಕಳಿಗೆ ಹೆರಿಗೆಯ ಗಂಡಾಂತರ ಬ್ಯಾರೆ. 1970-75ರ ಸರಕಾರಿ ಅಂಕಿ ನೋಡ್ರಿ: ಗಂಡಸರ ಆಯುಸ್ಸು 50.5, ಹೆಂಗಸರದು 49. ಹೆಣ್ಣೇ ಹಿಂದ! 2016-20ಕ್ಕೆ ಅದು ತಿರುಗಿ, ಗಂಡಸರಿಗೆ 68.6, ಹೆಂಗಸರಿಗೆ 71.4 ಆತು.

ನಮ್ಮ ಪಕ್ಕದ ದ್ವೀಪ ಶ್ರೀಲಂಕಾ ಈ ದಾರಿ ಮೊದಲೇ ನಡೀತು. ಅಲ್ಲಿ 1946ರಿಂದ 1947ಕ್ಕೆ, ಒಂದೇ ವರ್ಷದಾಗ, ಆಯುಸ್ಸು ಸುಮಾರು 43ರಿಂದ 53ಕ್ಕೆ ಏರಿತು. ಮಲೇರಿಯಾ ಸೊಳ್ಳೆಗೆ ಡಿಡಿಟಿ ಹೊಡೆದದ್ದು ಒಂದು ಕಾರಣ. ಆದ್ರ ಹೆಂಗಸರನ್ನ ವರ್ಷಾನುಗಟ್ಟಲೆ ಉಳಿಸಿದ್ದು ಊರೂರಿಗೆ ಹೋದ ತರಬೇತಿ ಪಡೆದ ಸೂಲಗಿತ್ತಿಯರು, ಉಚಿತ ಆಸ್ಪತ್ರೆ, ಹೆಣ್ಣುಮಕ್ಕಳ ಶಾಲೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಬಂದದ್ದು 2005ರ ಆರೋಗ್ಯ ಮಿಷನ್ ಜೊತೆ. ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು, 2018-20ಕ್ಕೆ 69ಕ್ಕೆ ಇಳೀತು. ಆಶಾ ಅಕ್ಕನ ಚೀಲ ನೋಡಿ ನಗೋರು ಈ ಅಂಕಿ ಒಮ್ಮೆ ಓದ್ರಿ.

ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನಿಗೋಳಿಗೆ ಬರೋಣ. ಗಂಡ ಐದು ವರ್ಷ ದೊಡ್ಡವ, ಹೆಂಡತಿ ಸುಮಾರು ಮೂರು ವರ್ಷ ಹೆಚ್ಚು ಬದುಕ್ತಾಳ ಅಂತ ಹಿಡೀರಿ; ಎಂಟು ವರ್ಷ ಆಕಿ ಒಬ್ಬಾಕಿನ. ಉತಾರದಾಗ ಹೆಸರು ಯಾರದು? ಹೆಚ್ಚಿನ ಮನಿಯೊಳಗ ಗಂಡಂದು, ಆಮೇಲೆ ಮಗಂದು. ರಾಮದುರ್ಗದ ನೇಕಾರ ಮನಿಯಾಗ ಜೀವನಪೂರ್ತಿ ಕಂಡಿಕಿ ಸುತ್ತಿದ ಆಯಿಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಕಬ್ಬಿನ ಹೊಲದಾಗ ಕಳೆ ಕಿತ್ತಾಕಿಗೂ ಅಷ್ಟ.

ಅದಕ್ಕ 65 ಅನ್ನೋ ಗೆರೆ ಕಾಗದದ ಮೇಲೂ ಮುಖ್ಯ. ಸಂಧ್ಯಾ ಸುರಕ್ಷಾ ಪಿಂಚಣಿ ಅಲ್ಲಿಂದಲೇ ಶುರು, ಆದಾಯದ ಮಿತಿಯೊಳಗ ಇದ್ರ. ಆಧಾರದಾಗ ವಯಸ್ಸು ಅಂದಾಜಿಗೆ ಬರೆಸಿ ನಾಲ್ಕು ವರ್ಷ ಕಮ್ಮಿ ಬಿದ್ದಿದ್ರ, ಆಯಿಗೆ ನಾಲ್ಕು ವರ್ಷದ ದುಡ್ಡು ಹೋತು. ನಿಮ್ಮ ಮೊಬೈಲ್ ಕೈಯಾಗೇ ಐತಿ. ಆಕಿ ಕಾರ್ಡ್ ತಗದು, ಹುಟ್ಟಿದ ವರ್ಷ, ಬ್ಯಾಂಕ್ ಲಿಂಕ್ ಎರಡೂ ನೋಡ್ರಿ; ಸರಿ ಇದ್ರ ನಾಡಕಚೇರಿಗೆ ಅರ್ಜಿ ಕೊಡ್ರಿ.