ಗಣಕಕ್ಕೆ ಮಾತಿನ ಗ್ರಹಿಕೆ: ರಾಜ್ ರೆಡ್ಡಿಯವರ ಸಂಶೋಧನೆಯ ಹಾದಿ

ಓಲೆಗರಿಯ ಪ್ರತಿಗಳನ್ನು ಓದಿ ಅಭ್ಯಾಸವಿರುವವರಿಗೆ ಒಂದು ತೊಡಕು ಚೆನ್ನಾಗಿ ಗೊತ್ತು. ಲಿಪಿಕಾರನು ಪದಪದಗಳ ನಡುವೆ ಎಡೆ ಬಿಟ್ಟಿರುವುದಿಲ್ಲ. ಪದವೊಂದು ಎಲ್ಲಿ ಮುಗಿಯಿತು, ಸಂಧಿಯಲ್ಲಿ ಏನು ಲೋಪವಾಯಿತು, ಯಾವುದು ಆಗಮ ಎಂಬುದನ್ನು ಓದುವವನೇ ನಿರ್ಣಯಿಸಬೇಕು. ಛಂದಸ್ಸು, ವ್ಯಾಕರಣ, ಸಂದರ್ಭ ಇವು ಒಟ್ಟಿಗೆ ನೆರವಿಗೆ ಬಂದಾಗ ಮಾತ್ರ ಪಾಠವು ಸ್ಥಿರವಾಗುತ್ತದೆ. ಆಡುಮಾತನ್ನು ಗಣಕಯಂತ್ರವು ಗ್ರಹಿಸುವಂತೆ ಮಾಡಹೊರಟ ವಿಜ್ಞಾನಿಗಳ ಮುಂದಿದ್ದುದೂ ಇಂಥದೇ ಸಮಸ್ಯೆ. ಹರಿಯುವ ಮಾತಿನ ಧ್ವನಿತರಂಗದಲ್ಲಿ ಪದಗಳ ನಡುವೆ ಸಾಮಾನ್ಯವಾಗಿ ಮೌನವೇ ಇರುವುದಿಲ್ಲ. ಕೇಳುಗನ ಭಾಷಾಜ್ಞಾನವೇ ಅಲ್ಲಿ ಪದಚ್ಛೇದ ಮಾಡುತ್ತದೆ. ಈ ಜ್ಞಾನವನ್ನು ಯಂತ್ರಕ್ಕೆ ಹೇಗೆ ಕೊಡಬೇಕೆಂಬ ಪ್ರಶ್ನೆಯನ್ನು ಜೀವಿತದ ಬಹುಭಾಗ ಹಿಡಿದು ಸಾಗಿದವರು ರಾಜ್ ರೆಡ್ಡಿ.

ಅಂದಿನ ಮದ್ರಾಸ್ ಪ್ರಾಂತ್ಯದ ಚಿತ್ತೂರು ಜಿಲ್ಲೆಯ ಕಾಟೂರಿನಲ್ಲಿ 1937ರಲ್ಲಿ ಜನಿಸಿದ ದಬ್ಬಾಲ ರಾಜಗೋಪಾಲ ರೆಡ್ಡಿಯವರು 1958ರಲ್ಲಿ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಿಂದ ಪದವಿ ಪಡೆದರು. ಅವರು ಓದಿದ್ದು ಸಿವಿಲ್ ಎಂಜಿನಿಯರಿಂಗ್ ಎಂಬುದು ಕುತೂಹಲದ ಸಂಗತಿ. ಗಣಕದ ಪರಿಚಯವಾದದ್ದು ಆಸ್ಟ್ರೇಲಿಯದಲ್ಲಿ. ಅಲ್ಲಿ ಐಬಿಎಂ ಸಂಸ್ಥೆಯಲ್ಲಿ ಕೆಲಕಾಲ ದುಡಿದು, ಬಳಿಕ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಮೆಕಾರ್ಥಿಯವರ ಮಾರ್ಗದರ್ಶನದಲ್ಲಿ 1966ರಲ್ಲಿ ಡಾಕ್ಟರೇಟ್ ಪಡೆದರು. 1969ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಬಂದವರು ಅಲ್ಲಿಯೇ ನೆಲೆನಿಂತರು.

ಆ ವರ್ಷ ಈ ಕ್ಷೇತ್ರಕ್ಕೆ ಶುಭವಾಗಿರಲಿಲ್ಲ. ಬೆಲ್ ಪ್ರಯೋಗಾಲಯದ ಹಿರಿಯ ವಿಜ್ಞಾನಿ ಜಾನ್ ಪಿಯರ್ಸ್ ಅವರು 1969ರಲ್ಲಿಯೇ ಪ್ರಕಟಿಸಿದ ಪತ್ರವೊಂದರಲ್ಲಿ, ಮಾತನ್ನು ಗುರುತಿಸುವ ಯಂತ್ರದ ಅನ್ವೇಷಣೆಯ ವೈಜ್ಞಾನಿಕತೆಯನ್ನೇ ಪ್ರಶ್ನಿಸಿದ್ದರು. ಭಾಷೆಯ ಅರಿವಿಲ್ಲದ ಯಂತ್ರ ಬರಿಯ ಧ್ವನಿಯಿಂದ ಎಷ್ಟು ದೂರ ಹೋದೀತು ಎಂಬುದು ಅವರ ಆಕ್ಷೇಪದ ತಿರುಳು. ಆಕ್ಷೇಪದಲ್ಲಿ ಹುರುಳಿತ್ತು. ರೆಡ್ಡಿಯವರ ಮುಂದಿನ ಕಾರ್ಯವನ್ನು ಅದಕ್ಕೆ ಕೊಟ್ಟ ಉತ್ತರವೆಂದೇ ಓದಬಹುದು.

ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯು 1971ರಲ್ಲಿ ಐದು ವರ್ಷಗಳ ಯೋಜನೆಯೊಂದನ್ನು ಆರಂಭಿಸಿತು. ಸುಮಾರು 1000 ಪದಗಳ ವ್ಯಾಪ್ತಿಯಲ್ಲಿ, ಎಡೆಬಿಡದೆ ಆಡಿದ ವಾಕ್ಯಗಳನ್ನು ಶೇಕಡಾ 10ಕ್ಕಿಂತ ಕಡಿಮೆ ತಪ್ಪಿನೊಡನೆ ಗ್ರಹಿಸಬೇಕೆಂಬುದು ಗುರಿ. ರೆಡ್ಡಿಯವರ ಬಳಗ ಮೊದಲು ರೂಪಿಸಿದ ‘ಹಿಯರ್ಸೆ’ ಎಂಬ ವ್ಯವಸ್ಥೆ ಚದುರಂಗದ ನಡೆಗಳನ್ನು ಮಾತಿನಲ್ಲಿ ಹೇಳಿದರೆ ತಿಳಿಯುತ್ತಿತ್ತು. ಕೇಳಿದ ಧ್ವನಿ ಅಸ್ಪಷ್ಟವಾಗಿದ್ದರೂ ಆ ಹೊತ್ತಿನಲ್ಲಿ ಮಣೆಯ ಮೇಲೆ ಯಾವ ನಡೆ ಸಾಧ್ಯ, ಯಾವುದು ಅಸಾಧ್ಯ ಎಂಬುದು ಯಂತ್ರಕ್ಕೆ ತಿಳಿದಿತ್ತು. ಅಸಾಧ್ಯವಾದದ್ದನ್ನು ಅದು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಎರಡನೆಯ ‘ಹಿಯರ್ಸೆ’ಯಲ್ಲಿ ಈ ತತ್ತ್ವ ಇನ್ನೂ ವಿಸ್ತಾರಗೊಂಡಿತು. ಧ್ವನಿ, ಅಕ್ಷರ, ಪದ, ವಾಕ್ಯ ಎಂಬ ಒಂದೊಂದು ಸ್ತರಕ್ಕೂ ಒಬ್ಬೊಬ್ಬ ತಜ್ಞನಿದ್ದಾನೆಂದೂ ಅವರೆಲ್ಲರೂ ಒಂದೇ ಕರಿಹಲಗೆಯ ಮೇಲೆ ತಮ್ಮ ತಮ್ಮ ಊಹೆಗಳನ್ನು ಬರೆಯುತ್ತ, ಪರರ ಊಹೆಗಳನ್ನು ತಿದ್ದುತ್ತ ಹೋಗುತ್ತಾರೆಂದೂ ಭಾವಿಸಿಕೊಂಡರೆ ಅದರ ರಚನೆ ತಿಳಿಯುತ್ತದೆ.

ಆದರೆ ಗುರಿಯನ್ನು ಮುಟ್ಟಿದ್ದು ಮತ್ತೊಂದು ವ್ಯವಸ್ಥೆ: ಬ್ರೂಸ್ ಲೋವರ್ ಅವರು 1976ರಲ್ಲಿ ಪೂರೈಸಿದ ‘ಹಾರ್ಪಿ’. ಅದರ ಪದಸಂಖ್ಯೆ 1011. ವಾಕ್ಯಗಳಲ್ಲಿ ಶೇಕಡಾ 95ರಷ್ಟನ್ನು ಸರಿಯಾಗಿ ಗ್ರಹಿಸಿತು. ಇದರ ಕ್ರಮವನ್ನು ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ವಿವರಿಸುವುದು ಸುಲಭ. ಒಂದೇ ಪ್ರತಿಯನ್ನು ಕುರುಡಾಗಿ ಅನುಸರಿಸುವ ಸಂಪಾದಕ ಮೊದಲ ಸ್ಖಾಲಿತ್ಯದಲ್ಲೇ ದಾರಿ ತಪ್ಪುತ್ತಾನೆ. ಎಲ್ಲ ಪಾಠಾಂತರಗಳನ್ನೂ ಕೊನೆಯವರೆಗೆ ಹೊತ್ತುಕೊಂಡು ಹೋಗುವವನ ಕೆಲಸ ಮುಗಿಯುವುದೇ ಇಲ್ಲ. ‘ಹಾರ್ಪಿ’ ಪ್ರತಿ ಹೆಜ್ಜೆಯಲ್ಲಿಯೂ ಅತ್ಯುತ್ತಮವೆಂದು ತೋರಿದ ಪಾಠವನ್ನೂ ಅದಕ್ಕೆ ಸಮೀಪವಾದ ಕೆಲವನ್ನೂ ಉಳಿಸಿಕೊಂಡು ಮಿಕ್ಕವನ್ನು ಕೈಬಿಡುತ್ತಿತ್ತು. ಸರಿಯಾದ ಪಾಠವೇ ಕೈಬಿಟ್ಟುಹೋಗುವ ಅಪಾಯ ಇದ್ದೇ ಇತ್ತು. ಕಾಲದ ಉಳಿತಾಯಕ್ಕಾಗಿ ಅದನ್ನು ಒಪ್ಪಿಕೊಳ್ಳಲಾಯಿತು. ಈ ಶೋಧಕ್ರಮ ಇಂದಿಗೂ ಬಳಕೆಯಲ್ಲಿದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ‘ಹಾರ್ಪಿ’ಗೆ ಆಧಾರವಾದದ್ದು ಅದೇ ವಿಭಾಗದ ಜೇಮ್ಸ್ ಬೇಕರ್ ಅವರ ‘ಡ್ರ್ಯಾಗನ್’. ಅದು ತಜ್ಞಜ್ಞಾನವನ್ನು ನಂಬದೆ ಸಂಭಾವ್ಯತೆಯ ಗಣಿತವನ್ನು ನಂಬಿತ್ತು. ಮುಂದೆ 1988ರಲ್ಲಿ ಕೈ-ಫು ಲೀ ರೂಪಿಸಿದ ‘ಸ್ಫಿಂಕ್ಸ್’, ಯಾರೇ ಮಾತನಾಡಿದರೂ ಗುರುತಿಸಬಲ್ಲ ವ್ಯವಸ್ಥೆ, ಆ ಗಣಿತಮಾರ್ಗವನ್ನೇ ಹಿಡಿಯಿತು. ಗುರುಗಳು ತಮ್ಮ ಮಾರ್ಗವನ್ನು ಒಪ್ಪದೆಯೂ ಬೆಂಬಲ ನೀಡಿದರೆಂದು ಲೀ ಅವರೇ ಹೇಳಿಕೊಂಡಿದ್ದಾರೆ. ರೆಡ್ಡಿಯವರಿಗೆ 1994ರಲ್ಲಿ ಎಡ್ವರ್ಡ್ ಫೈಗನ್‌ಬಾಮ್ ಅವರೊಂದಿಗೆ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಆದರೆ ತಮ್ಮ ಸಿದ್ಧಾಂತಕ್ಕೆ ಪ್ರತಿಕೂಲವಾದ ಸಿದ್ಧಾಂತ ತಮ್ಮ ಮನೆಯಲ್ಲಿಯೇ ಬೆಳೆಯಲು ಅವರು ಎಡೆಗೊಟ್ಟದ್ದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದು ಅಪರೂಪ.

ಕನ್ನಡ ಸಂಶೋಧಕರಿಗೆ ಅವರು ಬೇರೊಂದು ಕಾರಣದಿಂದಲೂ ಹತ್ತಿರದವರು. ಅವರು ಮುಂದಾಳಾಗಿದ್ದ ಹತ್ತು ಲಕ್ಷ ಪುಸ್ತಕಗಳ ಯೋಜನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಭಾರತದ ಮುಖ್ಯ ಕೇಂದ್ರವಾಗಿತ್ತು. ಅದರಿಂದ ಬೆಳೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸೇರಿದ ಹಳೆಯ ಕನ್ನಡ ಮುದ್ರಣಗಳ ಪ್ರತಿಗಳು ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ. ದೆಹಲಿ, ಪುಣೆಗಳಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಕನ್ನಡದ ಮಾತಿಗೆ ಈ ವಿಧಾನಗಳನ್ನು ಅನ್ವಯಿಸುವಾಗ ತೊಡಕುಗಳು ಬೇರೆ. ನಾಭಿಯಿಂದೆದ್ದ ಉಸಿರು ಕಹಳೆಯಲ್ಲಿ ಎಂಬಂತೆ ಶಬ್ದವಾಗುತ್ತದೆಂದು 13ನೆಯ ಶತಮಾನದ ಕೇಶಿರಾಜ ಹೇಳಿದ. ಆ ಶಬ್ದ ಬೆಳ್ಳಗಿರುತ್ತದೆಂಬ ಮಾತನ್ನು ಬದಿಗಿಟ್ಟರೆ, ಉಸಿರು ಮತ್ತು ಕೊಳವೆ ಎಂಬ ಅವನ ಕಲ್ಪನೆ ಇಂದಿನ ಧ್ವನಿವಿಜ್ಞಾನಕ್ಕೆ ತೀರ ಅಪರಿಚಿತವಲ್ಲ. ಧ್ವನಿಯ ಮಟ್ಟದಲ್ಲಿ ಹೀಗೆ ಎಲ್ಲ ಭಾಷೆಗಳೂ ನೆಂಟರು. ಕಷ್ಟ ಬರುವುದು ಪದದಲ್ಲಿ. ‘ಬಂದಿದ್ದನೆಂಬುದನ್ನು’ ಎಂಬುದು ಒಂದು ಪದವೋ ನಾಲ್ಕೋ? ಪ್ರತ್ಯಯಗಳು ಸಾಲಾಗಿ ಸೇರುವ ನುಡಿಯಲ್ಲಿ 1000 ಪದಗಳ ಪಟ್ಟಿ ಬಹುಬೇಗ ಬರಿದಾಗುತ್ತದೆ. ಪದಕ್ಕಿಂತ ಕಿರಿದಾದ ಘಟಕಗಳನ್ನು ಆಶ್ರಯಿಸಬೇಕಾಗುತ್ತದೆ.

ಇಂದಿನ ವ್ಯವಸ್ಥೆಗಳು ನಿಯಮಗಳಿಂದಲ್ಲ, ಧ್ವನಿಮುದ್ರಿತ ಮಾತಿನ ರಾಶಿಯಿಂದ ಕಲಿಯುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ, ಮದ್ರಾಸ್ ಐಐಟಿಯ ‘ಎಐ4ಭಾರತ್’ ಮೊದಲಾದವು ಇಂಥ ಸಂಗ್ರಹಗಳನ್ನು ಮಾಡುತ್ತಿವೆ. ಯಾರ ಮಾತು ಸಂಗ್ರಹದಲ್ಲಿಲ್ಲವೋ ಅವರ ಮಾತು ಯಂತ್ರಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ, ತಾಳವಾಡಿಯ ಕನ್ನಡ, ಕಾಸರಗೋಡಿನ ಕನ್ನಡ, ಮುಂಬಯಿಯಲ್ಲಿ ಮರಾಠಿ ಹಿಂದಿಗಳೊಡನೆ ಬೆರೆತು ನಡೆವ ಕನ್ನಡ ಇವು ರಾಜ್ಯದ ಗಡಿಯನ್ನೇ ಎಲ್ಲೆಯಾಗಿಟ್ಟುಕೊಂಡ ಯಾವ ಸಂಗ್ರಹದಲ್ಲಿಯೂ ದೊರೆಯಲಾರವು. ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಜಾನಪದ ಕ್ಷೇತ್ರಕಾರ್ಯದ ಕಾಲದ ಕ್ಯಾಸೆಟ್ಟುಗಳಿದ್ದರೆ, ಹಾಡಿದವರ ಊರು, ವಯಸ್ಸು, ಮುದ್ರಣದ ವರ್ಷ ಇಷ್ಟನ್ನಾದರೂ ಬರೆದಿಟ್ಟು, ಕೇಳಿದಂತೆಯೇ, ಶಿಷ್ಟರೂಪಕ್ಕೆ ತಿದ್ದದೆ, ಲಿಪ್ಯಂತರ ಮಾಡಬೇಕು. ಕಾಂತೀಯ ಪಟ್ಟಿ ಬಹುಕಾಲ ಉಳಿಯುವ ವಸ್ತುವಲ್ಲವಾದ್ದರಿಂದ ಹಳೆಯ ಕ್ಯಾಸೆಟ್ಟುಗಳಿಂದಲೇ ಈ ಕೆಲಸ ಆರಂಭವಾಗುವುದು ಒಳ್ಳೆಯದು.