ಪ್ರಸಂಗವೂ ಪತ್ರಿಕೆಯೂ: ಕನ್ನಡ ನಾಡಿನ ಕ್ರೈಸ್ತಬೋಧೆಯಲ್ಲಿ ಕೇಳುಗನ ಸ್ಥಾನ

ಕನ್ನಡ ಕ್ರೈಸ್ತ ವಾಙ್ಮಯದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಎರಡು ಶಬ್ದಗಳು ವಿಚಾರಾರ್ಹವಾಗಿವೆ. ಮೊದಲನೆಯದು ‘ಪ್ರಸಂಗ’. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಆದಿತ್ಯವಾರದ ಆರಾಧನೆಯ ಹೊತ್ತಿನಲ್ಲಿ ಬೋಧಕರು ಮಾಡುವ ಉಪದೇಶಕ್ಕೆ ಈ ಹೆಸರು. ಹಳೆಯ ಒಡಂಬಡಿಕೆಯ ಒಂದು ಗ್ರಂಥಕ್ಕೂ ‘ಪ್ರಸಂಗಿ’ ಎಂಬುದೇ ಕನ್ನಡದ ಹೆಸರು. ಕರಾವಳಿಯ ಜನರಿಗಾದರೋ ಪ್ರಸಂಗವೆಂದರೆ ಯಕ್ಷಗಾನದ ಕಥಾಭಾಗವೂ ಹೌದು. ಎರಡನೆಯದು ‘ಪತ್ರಿಕೆ’. ಅಪೊಸ್ತಲನಾದ ಪೌಲನು ಆಯಾ ಊರಿನ ಸಭೆಗಳಿಗೆ ಬರೆದ ಓಲೆಗಳನ್ನು ಕನ್ನಡ ಬೈಬಲಿನಲ್ಲಿ ಪತ್ರಿಕೆಗಳೆಂದು ಕರೆದಿದೆ. ಅದೇ ಶಬ್ದವು ವರ್ತಮಾನಪತ್ರಕ್ಕೂ ಸಲ್ಲುತ್ತದೆ. ಹೀಗೆ ದೇವಾಲಯದ ಮಾತೂ ಬೀದಿಯ ಮಾತೂ ಒಂದೇ ಶಬ್ದದಲ್ಲಿ ಕೂಡಿಕೊಂಡಿರುವುದು ಕೇವಲ ಆಕಸ್ಮಿಕವೆಂದು ಬಿಟ್ಟುಬಿಡತಕ್ಕದ್ದಲ್ಲ. ಕ್ರೈಸ್ತ ಮತತತ್ತ್ವವು ಕನ್ನಡಿಗರಿಗೆ ಪರಿಚಿತವಾದದ್ದು ಶಾಸ್ತ್ರಗ್ರಂಥಗಳಿಂದಲ್ಲ. ಸಂತೆಯಲ್ಲಿ ಕೇಳಿದ ಉಪದೇಶ, ಕೈಗೆ ಸಿಕ್ಕಿದ ಅಚ್ಚಿನ ಹಾಳೆ, ಮನೆಯಲ್ಲಿ ಹಾಡಿದ ಹಾಡು, ಇಂತಹ ನಿತ್ಯಜೀವನದ ಸಾಧನಗಳಿಂದ.

ಮಿಶನರಿಗಳ ಕನ್ನಡ ಸೇವೆಯನ್ನು ಕುರಿತು ಬರೆದವರು ಸಾಮಾನ್ಯವಾಗಿ ಅವರು ಅಚ್ಚು ಹಾಕಿಸಿದ ಗ್ರಂಥಗಳನ್ನೂ ಸ್ಥಾಪಿಸಿದ ಮುದ್ರಣಾಲಯಗಳನ್ನೂ ಎಣಿಸಿ ತೃಪ್ತರಾಗುತ್ತಾರೆ. ಹೇಳಿದವನ ಚರಿತ್ರೆ ಹೀಗೆ ಬೆಳೆಯಿತು. ಕೇಳಿದವನ ಚರಿತ್ರೆ ಹಿಂದೆ ಉಳಿಯಿತು. ಕೇಳಿದವನು ಬರಿಯ ಪಾತ್ರೆಯಲ್ಲ. ತನಗೆ ಮೊದಲೇ ತಿಳಿದಿದ್ದ ಅರ್ಥಗಳೊಡನೆ ಅವನು ಉಪದೇಶವನ್ನು ತೂಗಿನೋಡಿದನು. ಆ ತೂಕದಿಂದ ಉಪದೇಶಕನ ಭಾಷೆಯೂ ಮಾರ್ಪಟ್ಟಿತು. ಈ ಪರಸ್ಪರ ವ್ಯವಹಾರವನ್ನು ಕೆಲವು ನಿದರ್ಶನಗಳಿಂದ ಸ್ಪಷ್ಟಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶ್ರವಣದ ಎರಡು ಪರಂಪರೆಗಳು

ನಂಬಿಕೆಯು ಕೇಳುವುದರಿಂದ ಹುಟ್ಟುತ್ತದೆಂಬುದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಪ್ರಸಿದ್ಧವಾದ ಅಭಿಪ್ರಾಯ. ಆ ಪತ್ರಿಕೆಗಳಾದರೂ ಒಬ್ಬೊಬ್ಬರು ಏಕಾಂತದಲ್ಲಿ ಓದಿಕೊಳ್ಳಲೆಂದು ಹುಟ್ಟಿದವುಗಳಲ್ಲ. ಸಭೆ ಕೂಡಿದಾಗ ಒಬ್ಬನು ಓದಿ ಉಳಿದವರು ಕೇಳಲೆಂದು ಬರೆದವು. ಭಾರತೀಯ ಸಂಪ್ರದಾಯದಲ್ಲಿಯೂ ನವವಿಧ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು. ವೇದಾಂತಿಗಳು ಶ್ರವಣ, ಮನನ, ನಿದಿಧ್ಯಾಸನಗಳೆಂದು ಕ್ರಮವನ್ನು ಹೇಳುತ್ತಾರೆ. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ಗಮಕಿಗಳ ಬಾಯಿಂದ ಕೇಳಿ ಬೆಳೆದ ಜನಕ್ಕೆ ಧರ್ಮವೆಂಬುದು ಕಿವಿಯ ಮೂಲಕ ಬರತಕ್ಕ ವಸ್ತುವೆಂಬುದು ಹೊಸ ಸಂಗತಿಯಾಗಿರಲಿಲ್ಲ.

ಈ ಎರಡು ಪರಂಪರೆಗಳು ಮೊದಲು ಸಂಧಿಸಿದ್ದು ಕನ್ನಡದಲ್ಲಲ್ಲ, ಗೋವೆಯಲ್ಲಿ. ಆಂಗ್ಲ ಜೆಸುಯಿಟ್ ಪಾದ್ರಿಯಾದ ಥಾಮಸ್ ಸ್ಟೀಫನ್ಸ್ ಎಂಬವರು ೧೫೭೯ರಲ್ಲಿ ಗೋವೆಗೆ ಬಂದರು. ಅವರ ‘ಕ್ರಿಸ್ತಪುರಾಣ’ವು ಮರಾಠಿಯ ಓವೀ ಛಂದಸ್ಸಿನಲ್ಲಿ ರಚಿತವಾಗಿ ೧೬೧೬ರಲ್ಲಿ ರಾಚೋಲಿನಲ್ಲಿ ಮುದ್ರಿತವಾಯಿತು. ಹೊಸದಾಗಿ ಮತಾಂತರ ಹೊಂದಿದವರು ತಮ್ಮ ಹಿಂದಿನ ಪುರಾಣಗಳ ಸ್ಥಾನದಲ್ಲಿ ಓದಿ ಕೇಳುವುದಕ್ಕೆ ಏನೂ ಇಲ್ಲವೆಂದು ಹೇಳಿಕೊಂಡರೆಂಬ ಸನ್ನಿವೇಶವು ಗ್ರಂಥದಲ್ಲಿಯೇ ಉಂಟು. ಅಂದರೆ ಗ್ರಂಥಕ್ಕೆ ಪ್ರೇರಣೆಯಾದುದು ಕೇಳುಗರ ಕೊರತೆ. ಗೋವೆಯಿಂದ ದಕ್ಷಿಣಕ್ಕೆ ಬಂದು ಮಂಗಳೂರಿನ ಸುತ್ತ ನೆಲಸಿದ ಕೊಂಕಣಿ ಕಥೋಲಿಕರಲ್ಲಿ ಈ ಪುರಾಣದ ಹಸ್ತಪ್ರತಿಗಳು ಉಳಿದಿದ್ದವು. ಹಳೆಯ ಮುದ್ರಣದ ಪ್ರತಿಗಳು ಕಾಣದಂತಾದ ಮೇಲೆ ೧೯೦೭ರಲ್ಲಿ ಜೋಸೆಫ್ ಸಲ್ಡಾನರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು ಮಂಗಳೂರಿನಲ್ಲಿಯೇ. ಅಚ್ಚಿನ ಪುಸ್ತಕ ನಶಿಸಿದರೂ ಹಾಡಿ ಕೇಳುವವರ ಆದರದಿಂದ ಕಾವ್ಯವು ಬದುಕಿತೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

೨. ಸಂತೆಯ ಪ್ರಸಂಗ

ಬಾಸೆಲ್ ಮಿಶನ್ನಿನ ಮೊದಲ ಮೂವರು ಬೋಧಕರಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ಅವರ ಕೇಂದ್ರಗಳು ಏರ್ಪಟ್ಟವು. ಸಂತೆ, ಜಾತ್ರೆ, ಊರ ಕಟ್ಟೆ ಇವೇ ಅವರ ಪ್ರಸಂಗದ ರಂಗಗಳು. ದೇವಾಲಯದೊಳಗಿನ ಪ್ರಸಂಗಕ್ಕೂ ಇದಕ್ಕೂ ಒಂದು ಮುಖ್ಯ ಭೇದವುಂಟು. ಆಲಯದಲ್ಲಿ ಕುಳಿತವನು ಮೌನವಾಗಿ ಕೇಳಬೇಕು. ಸಂತೆಯಲ್ಲಿ ನಿಂತವನು ಅಡ್ಡ ಪ್ರಶ್ನೆ ಹಾಕಬಹುದು, ನಗಬಹುದು, ಮಾತು ಮುಗಿಯುವ ಮುನ್ನವೇ ಹೊರಟುಹೋಗಬಹುದು. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ವಾದ ಪ್ರತಿವಾದಗಳನ್ನು ಇರುಳೆಲ್ಲ ಕೇಳಿ ಬಲ್ಲ ಕರಾವಳಿಯ ಶ್ರೋತೃವಿಗೆ ಮರುಮಾತಿಲ್ಲದ ಪ್ರಸಂಗವು ಅರ್ಧ ಪ್ರಸಂಗವಾಗಿಯೇ ತೋರಿದ್ದರೆ ಆಶ್ಚರ್ಯವಿಲ್ಲ.

ಕೇಳುಗರ ಪೂರ್ವಸಂಸ್ಕಾರವು ಎಷ್ಟು ಬಲವಾಗಿದ್ದಿತೆಂಬುದಕ್ಕೆ ಧಾರವಾಡ ಪ್ರಾಂತದ ಕಾಲಜ್ಞಾನಿಗಳ ವೃತ್ತಾಂತವು ಉತ್ತಮ ಸಾಕ್ಷಿ. ೧೮೪೦ರ ಸುಮಾರಿನಲ್ಲಿ, ಕಾಲಜ್ಞಾನದ ನುಡಿಗಳಲ್ಲಿ ಶ್ರದ್ಧೆಯಿಟ್ಟಿದ್ದ ಕೆಲವರು ಮಿಶನರಿಗಳ ಬೋಧೆಯನ್ನು ಕೇಳಿ, ತಮ್ಮ ಓಲೆಗಳಲ್ಲಿ ಹೇಳಿದ್ದ ಹೊಸ ಯುಗವು ಇವರಿಂದಲೇ ಬರತಕ್ಕದ್ದೆಂದು ಬಗೆದರು. ಬೋಧಕರಿಗಾದರೋ ದೊಡ್ಡ ಸಮುದಾಯವೊಂದು ತಮ್ಮ ಮತವನ್ನು ಸೇರುವುದೆಂಬ ಆಸೆ ಹುಟ್ಟಿತು. ಅಂತ್ಯದಲ್ಲಿ ಇಬ್ಬರ ನಿರೀಕ್ಷೆಯೂ ಈಡೇರಲಿಲ್ಲ. ಇದನ್ನು ಕೇವಲ ತಪ್ಪು ತಿಳಿವಳಿಕೆಯೆಂದರೆ ವಿಷಯವು ಮುಗಿಯುವುದಿಲ್ಲ. ಬೋಧಕನು ಒಂದು ಗ್ರಂಥವನ್ನು ಹಿಡಿದು ಮಾತನಾಡಿದನು. ಕೇಳಿದವನು ಮತ್ತೊಂದು ಗ್ರಂಥವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದನು. ನುಡಿದ ಮಾತು ಒಂದೇ ಆದರೂ ಓದಿದ ಪಾಠಗಳು ಎರಡು.

೩. ಶಬ್ದಗಳ ತೊಡಕು

ಇಂತಹ ತೊಡಕು ಪ್ರತಿಯೊಂದು ಶಬ್ದದಲ್ಲಿಯೂ ಅಡಗಿದ್ದಿತು. ‘ಪಾಪ’ ಎಂಬ ಮಾತನ್ನು ತೆಗೆದುಕೊಳ್ಳಬಹುದು. ಕ್ರೈಸ್ತ ಬೋಧಕನಿಗೆ ಅದು ದೇವರ ವಿಷಯದಲ್ಲಿ ಮನುಷ್ಯನು ಮಾಡುವ ದ್ರೋಹ. ಕೇಳುಗನಿಗೆ ಅದು ಕರ್ಮದ ಲೆಕ್ಕದಲ್ಲಿ ಪುಣ್ಯಕ್ಕೆ ಎದುರಾಗಿ ನಿಂತ ಬಾಕಿ. ಇಷ್ಟಲ್ಲದೆ ಕನ್ನಡದ ಮನೆಮಾತಿನಲ್ಲಿ ಅದು ಅನುಕಂಪದ ಉದ್ಗಾರವೂ ಹೌದು: ಬಿದ್ದ ಮಗುವನ್ನು ಕಂಡು ತಾಯಿ ‘ಪಾಪ!’ ಎನ್ನುತ್ತಾಳೆ. ಬೋಧಕನು ಅಪರಾಧವನ್ನು ಹೊರಿಸುವುದಕ್ಕೆ ಬಳಸಿದ ಶಬ್ದದಲ್ಲಿಯೇ ಕೇಳುಗನ ಕಿವಿಗೆ ಕನಿಕರದ ಧ್ವನಿಯೂ ತಾಗುತ್ತಿದ್ದಿತು. ಪಾಪಿಯು ದಂಡನೆಗೆ ಮಾತ್ರವಲ್ಲದೆ ಕರುಣೆಗೂ ಪಾತ್ರನೆಂಬ ಕ್ರೈಸ್ತ ತತ್ತ್ವಕ್ಕೆ ಇದರಿಂದ ಕನ್ನಡದಲ್ಲಿ ಅನಾಯಾಸವಾಗಿ ಒಂದು ದಾರಿ ದೊರೆಯಿತೆನ್ನಬಹುದು.

ಇನ್ನೊಂದು ಶಬ್ದದಲ್ಲಿ ದಾರಿಯು ಇಷ್ಟು ಸುಗಮವಾಗಿರಲಿಲ್ಲ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ನಿಕೊದೇಮನೆಂಬ ಯೆಹೂದ್ಯ ಹಿರಿಯನು ಇರುಳಿನಲ್ಲಿ ಯೇಸುವಿನ ಬಳಿಗೆ ಬರುತ್ತಾನೆ. ಮನುಷ್ಯನು ಹೊಸದಾಗಿ ಹುಟ್ಟಬೇಕೆಂಬ ಮಾತನ್ನು ಕೇಳಿ, ಮುದುಕನಾದವನು ಮತ್ತೆ ಹುಟ್ಟುವುದು ಹೇಗೆಂದು ದಿಗ್ಭ್ರಮೆಗೊಳ್ಳುತ್ತಾನೆ. ಅವನಿಗೆ ಆ ಮಾತು ಅಸಂಭಾವ್ಯವಾಗಿ ಕಂಡಿತು. ಕನ್ನಡ ಕೇಳುಗನ ಕಷ್ಟವು ಇದಕ್ಕೆ ನೇರ ವಿರುದ್ಧವಾದದ್ದು. ಮತ್ತೆ ಹುಟ್ಟುವುದು ಅವನಿಗೆ ಅತ್ಯಂತ ಪರಿಚಿತವಾದ ಸಂಗತಿ. ಅಷ್ಟೇ ಅಲ್ಲ, ಬಿಡುಗಡೆಯನ್ನು ಬಯಸುವವನು ಯಾವುದನ್ನು ತಪ್ಪಿಸಿಕೊಳ್ಳಬೇಕೋ ಅದೇ ಅದು. ಬೋಧಕನು ವರವೆಂದು ಸಾರಿದ್ದು ಕೇಳುಗನಿಗೆ ಬಂಧನವಾಗಿ ಕೇಳಿಸಿತು. ಆದಕಾರಣ ಈ ಜನ್ಮವು ದೇಹಾಂತರದ ಜನ್ಮವಲ್ಲ, ಇದೇ ದೇಹದಲ್ಲಿ ಇದೇ ಆಯುಷ್ಯದಲ್ಲಿ ಆಗತಕ್ಕ ಮಾರ್ಪಾಡೆಂದು ಬಿಡಿಸಿ ಹೇಳದೆ ಕನ್ನಡದಲ್ಲಿ ಈ ಅಧ್ಯಾಯವನ್ನು ಬೋಧಿಸುವುದು ಅಸಾಧ್ಯ. ಕೇಳುಗನ ಸಂದೇಹವೇ ಇಲ್ಲಿ ವ್ಯಾಖ್ಯಾನದ ಕರ್ತೃವಾಗುತ್ತದೆ. ಗುರುಶಿಷ್ಯ ಸಂವಾದದ ರೂಪದಲ್ಲಿರುವ ಆ ಅಧ್ಯಾಯವು ಮೂಲದಲ್ಲಿಯೂ ಕೇಳುಗನ ತಪ್ಪು ಗ್ರಹಿಕೆಯಿಂದಲೇ ಮುಂದುವರಿಯುತ್ತದೆಂಬುದು ಬೋಧಪ್ರದವಾಗಿದೆ.

೪. ಅಚ್ಚಿನ ಹಾಳೆ

ಕ್ರಿಸ್ತನ ಚರಿತ್ರೆಗೆ ‘ಸುವಾರ್ತೆ’ ಎಂದು ಹೆಸರಿಟ್ಟಾಗ ವಾರ್ತೆಯೂ ಧರ್ಮವೂ ಒಂದೇ ಮಾತಿನಲ್ಲಿ ಸೇರಿದವು. ೧೮೩೬ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೊಗ್ಲಿಂಗರು ಇವೆರಡರ ಸಂಬಂಧವನ್ನು ಬೇರೊಂದು ರೀತಿಯಲ್ಲಿ ಕಾರ್ಯರೂಪಕ್ಕೆ ತಂದರು. ಬಾಸೆಲ್ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯವು ೧೮೪೧ರಲ್ಲಿ ಪ್ರಾರಂಭವಾಯಿತು. ೧೮೪೩ನೆಯ ಜುಲೈ ೧ರಂದು ಕನ್ನಡದ ಮೊದಲ ವರ್ತಮಾನಪತ್ರವಾದ ‘ಮಂಗಳೂರ ಸಮಾಚಾರ’ವು ಪಾಕ್ಷಿಕವಾಗಿ ಹೊರಟಿತು. ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುವುದು ರೂಢಿಯಾಗಿದೆ. ಅದರಲ್ಲಿ ಊರ ವರ್ತಮಾನ, ಸರಕಾರದ ಕಾನೂನು, ದೂರದೇಶದ ಸುದ್ದಿ, ಕಥೆ ಇವುಗಳಿಗೆ ಸ್ಥಾನವಿದ್ದಿತು. ಪುರಂದರದಾಸರ ಪದಗಳಿಗೂ ಸ್ಥಾನವಿದ್ದಿತು.

ಕ್ರೈಸ್ತ ಬೋಧಕನ ಪತ್ರದಲ್ಲಿ ದಾಸರ ಪದವು ಅಚ್ಚಾದದ್ದು ಸಣ್ಣ ಸಂಗತಿಯಲ್ಲ. ಓದಲು ಬಾರದವರೂ ಕಿವಿಗೊಡುವಂತೆ ಒಬ್ಬನು ಗಟ್ಟಿಯಾಗಿ ಓದತಕ್ಕ ಹಾಳೆ ಅದು; ಕೇಳುವವರಿಗೆ ಬೇಕಾದುದು ಅದರಲ್ಲಿರಬೇಕು. ಮೊಗ್ಲಿಂಗರು ಈ ಆದರವನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧಿಪತಿಗಳ ದ್ರವ್ಯಸಹಾಯದಿಂದ ೧೮೪೮ರಿಂದ ಮುಂದಕ್ಕೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದುವನ್ನು ಅಚ್ಚು ಹಾಕಿಸಿದರು. ಅವರ ಮೂಲೋದ್ದೇಶವು ಮತಪ್ರಚಾರವೇ ಎಂಬುದನ್ನು ಮರೆಮಾಚಬೇಕಾದುದಿಲ್ಲ; ಜನರ ಮನಸ್ಸನ್ನು ಅರಿಯದೆ ಜನರಿಗೆ ಬೋಧಿಸಲಾಗದೆಂಬ ವಿವೇಕದಿಂದ ಈ ಕಾರ್ಯ ಹುಟ್ಟಿತು. ಆದರೆ ಫಲವು ಉದ್ದೇಶವನ್ನು ಮೀರಿತು. ಬೋಧಿಸಲು ಬಂದವರು ಕೇಳಲು ಕಲಿತರು; ಅವರು ಕೇಳಿದ್ದು ಕನ್ನಡಕ್ಕೆ ಅಚ್ಚಿನಲ್ಲಿ ಉಳಿಯಿತು.

ಗದ್ಯದ ಮೇಲೂ ಇದರ ಪರಿಣಾಮವಾಯಿತು. ಬನಿಯನ್ನನ ಪ್ರಸಿದ್ಧ ರೂಪಕಕಥೆಯು ೧೮೪೦ರ ದಶಕದ ಕೊನೆಗೆ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಯಾತ್ರೆಯೆಂಬ ಕಲ್ಪನೆಯು ಕಾಶಿ, ತಿರುಪತಿಗಳ ದಾರಿಯನ್ನು ಬಲ್ಲ ಜನಕ್ಕೆ ವಿವರಣೆಯನ್ನು ಬೇಡಲಿಲ್ಲ. ಬೋಧೆಗಾಗಿ ಹುಟ್ಟಿದ ಹೊಸಗನ್ನಡ ಗದ್ಯದ ಗುಣದೋಷಗಳೆರಡೂ ಪ್ರಸಂಗದಿಂದಲೇ ಬಂದವು: ಚಿಕ್ಕ ವಾಕ್ಯ, ನೇರವಾದ ಸಂಬೋಧನೆ, ಬಳಕೆಯ ಮಾತು ಇವು ಗುಣಗಳು, ಮೂಲಭಾಷೆಯ ಪದಕ್ರಮವನ್ನು ಬಿಡಲಾರದೆ ಬಂದ ಬಿಗುಪು ದೋಷ.

೫. ಹಾಡು

ಸಭಾಗೀತಗಳ ವಿಷಯದಲ್ಲಿ ಈ ಬಿಗುಪು ಇನ್ನೂ ಹೆಚ್ಚಾಗಿ ಕಾಣುತ್ತದೆ. ಜರ್ಮನ್ ರಾಗಗಳು ಆ ಭಾಷೆಯ ಪದಗಳ ಒತ್ತನ್ನು ಅನುಸರಿಸಿದವು. ಕನ್ನಡ ಪದ್ಯದ ಗತಿಯು ಲಘುಗುರುಗಳ ಮಾತ್ರೆಯನ್ನೂ ಪ್ರಾಸವನ್ನೂ ಅವಲಂಬಿಸಿದೆ. ಒಂದರ ಮೇಲೆ ಇನ್ನೊಂದನ್ನು ಹೊದಿಸಿದಾಗ ಹ್ರಸ್ವಾಕ್ಷರವು ಎಳೆಯಲ್ಪಟ್ಟು ದೀರ್ಘವು ಕುಗ್ಗುವುದು ಅನಿವಾರ್ಯ. ಫರ್ಡಿನಂಡ್ ಕಿಟ್ಟೆಲರು ೧೮೬೨ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ್ದು ಈ ತೊಂದರೆಗೆ ಒಂದು ಉತ್ತರ. ಅವರು ೧೮೭೫ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಪ್ರಕಟಿಸಿದ್ದನ್ನೂ ೧೮೯೪ರಲ್ಲಿ ನಿಘಂಟನ್ನು ಹೊರತಂದದ್ದನ್ನೂ ಇದರೊಡನೆ ನೋಡಬೇಕು. ಕನ್ನಡದ ಕಿವಿಗೆ ಒಪ್ಪುವಂತೆ ಹೇಳಬೇಕೆಂದು ಹೊರಟವರಿಗೆ ಆ ಕಿವಿಯ ಶಾಸ್ತ್ರವನ್ನು ಮೊದಲು ಕಲಿಯಬೇಕಾಯಿತು.

೬. ಕೇಳಬಲ್ಲ ಬೋಧಕ

ಈ ಸಂಪ್ರದಾಯದ ಪರಿಪಕ್ವ ಫಲವನ್ನು ಉತ್ತಂಗಿ ಚನ್ನಪ್ಪನವರಲ್ಲಿ (೧೮೮೧–೧೯೬೨) ಕಾಣಬಹುದು. ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಅವರು ಉತ್ತರ ಕರ್ನಾಟಕದ ಹಳ್ಳಿಗಳನ್ನು ಸುತ್ತಿದರು. ಉಪದೇಶಕ್ಕೆ ಹೋದಲ್ಲಿ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳಿಗೆ ಕಿವಿಗೊಟ್ಟರು, ಹಸ್ತಪ್ರತಿಗಳನ್ನು ಹುಡುಕಿದರು. ೧೯೨೪ರಲ್ಲಿ ಪ್ರಕಟವಾದ ಅವರ ‘ಸರ್ವಜ್ಞನ ವಚನಗಳು’ ಆ ಕವಿಯ ಅಧ್ಯಯನಕ್ಕೆ ಅಡಿಪಾಯವಾಯಿತು. ೧೯೨೧ರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಗ್ರಂಥದ ಹೆಸರಿನಲ್ಲಿಯೇ ಮನೋಭಾವವು ವ್ಯಕ್ತವಾಗಿದೆ: ಬೆತ್ಲೆಹೇಮು ಆಜ್ಞಾಪಿಸುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ, ವಿನಂತಿಯನ್ನು ಮನ್ನಿಸುವ ಅಥವಾ ಬಿಡುವ ಸ್ವಾತಂತ್ರ್ಯ ಕೇಳುಗನದು. ೧೯೪೯ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದಾಗ ಕನ್ನಡ ನಾಡು ಗೌರವಿಸಿದ್ದು, ಬೋಧಕನಾಗಿದ್ದೂ ಶ್ರೋತೃವಾಗಿ ಉಳಿದ ಈ ಗುಣವನ್ನೇ.

ಸಭೆಯ ಹೊರಗಿನವರೂ ಹೀಗೆಯೇ ಕೇಳಿ ತಮ್ಮದಾದ ಉತ್ತರವನ್ನು ಕೊಟ್ಟರು. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ಚಿತ್ರಿಸಿದ್ದಾರೆ. ಮತವನ್ನು ಬದಲಿಸದೆಯೂ ಸುವಾರ್ತೆಯನ್ನು ಹೃದಯದಿಂದ ಕೇಳಬಹುದೆಂಬುದಕ್ಕೆ ಆ ಕಾವ್ಯವು ಪ್ರಮಾಣ. ಮಿಶನ್ನಿನ ವಾರ್ಷಿಕ ಲೆಕ್ಕದಲ್ಲಿ ಇಂತಹ ಶ್ರವಣಕ್ಕೆ ಅಂಕಣವಿರಲಿಲ್ಲ, ಸಾಹಿತ್ಯಚರಿತ್ರೆಯಲ್ಲಿ ಇರಬೇಕು.

೭. ಉಪಸಂಹಾರ

ಈಗ ಪ್ರಸಂಗವು ಧ್ವನಿವರ್ಧಕ, ಆಕಾಶವಾಣಿ, ದೂರದರ್ಶನ, ಮೊಬೈಲ್ ಫೋನುಗಳ ಮೂಲಕ ಅಡಿಗೆಮನೆಗೂ ಬಸ್ಸಿನ ಪ್ರಯಾಣಕ್ಕೂ ಬಂದಿದೆ. ಶ್ರವಣಕ್ಕೆ ಇಷ್ಟು ಅನುಕೂಲವು ಹಿಂದೆ ಎಂದೂ ಇರಲಿಲ್ಲ. ಕೇಳುಗನು ಧ್ವನಿಯನ್ನು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಬಹುದು. ಆದರೆ ಹಾವೇರಿಯ ಸಂತೆಯಲ್ಲಿಯೋ ಮಂಗಳೂರಿನ ಕಟ್ಟೆಯಲ್ಲಿಯೋ ನಿಂತವನು ಬೋಧಕನ ಮುಖವನ್ನು ನೋಡಿ ಕೇಳಬಹುದಾಗಿದ್ದ ಪ್ರಶ್ನೆಗೆ ಧ್ವನಿಮುದ್ರಿಕೆಯಲ್ಲಿ ಎಡೆಯಿಲ್ಲ. ಶ್ರವಣವು ಹೆಚ್ಚಿದಷ್ಟು ಸಂವಾದವೂ ಹೆಚ್ಚಿತೆಂದು ಹೇಳಲಾಗದು.

ಮೇಲೆ ಕಂಡ ನಿದರ್ಶನಗಳಿಂದ ಒಂದು ಸಂಗತಿಯು ನಿಶ್ಚಿತವಾಗುತ್ತದೆ. ಕನ್ನಡ ನಾಡಿನಲ್ಲಿ ಕ್ರೈಸ್ತ ತತ್ತ್ವವು ಆಳವಾಗಿ ಬೇರೂರಿದ್ದು ಬೋಧಕನ ಮಾತು ಅಡೆತಡೆಯಿಲ್ಲದೆ ಸಾಗಿದ ಕಡೆಯಲ್ಲಲ್ಲ. ಕೇಳುಗನ ಶಂಕೆ, ರುಚಿ, ಹಳೆಯ ನುಡಿ, ಹಳೆಯ ಹಾಡು ಇವುಗಳಿಗೆ ತಡೆದು ನಿಂತು, ಉತ್ತರ ಕೊಡಬೇಕಾಗಿ ಬಂದ ಕಡೆಯಲ್ಲಿ. ಕನ್ನಡ ಗದ್ಯದ, ಛಂದಶ್ಶಾಸ್ತ್ರದ, ನಿಘಂಟಿನ ಚರಿತ್ರೆಯನ್ನು ಕಲಿಸುವ ಉಪಾಧ್ಯಾಯರು ಆ ಶ್ರೋತೃವಿನ ಋಣವನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದು ಉಚಿತವಾಗಿದೆ. ಅವನ ಹೆಸರು ಯಾವ ಪುಸ್ತಕದ ಮೊದಲ ಪುಟದಲ್ಲಿಯೂ ಅಚ್ಚಾಗಿಲ್ಲ. ಅವನು ಕೇಳಿದ ಪ್ರಶ್ನೆಗಳಾದರೋ ಆ ಪುಸ್ತಕಗಳ ಭಾಷೆಯಲ್ಲಿ ಉಳಿದಿವೆ.