ಹಳಿ ಬದಲಾದರೂ ಉಳಿದ ಕಾಚಿಗುಡ

ಹೈದರಾಬಾದಿನ ಕೋಠಿಗೆ ಆ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯಿಂದ, ಅಂದರೆ ನಿಜಾಮರ ಆಸ್ಥಾನದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯ ನಿವಾಸದಿಂದ; ಉರ್ದುವಿನಲ್ಲಿ ಕೋಠಿಯೆಂದರೆ ಬಂಗಲೆ. ರೆಸಿಡೆಂಟರ ಕಾಲ ಮುಗಿದ ಮೇಲೆ ಆ ಭವನದಲ್ಲಿ ಮಹಿಳಾ ಕಾಲೇಜು ನೆಲೆಗೊಂಡಿತು. ಅಲ್ಲಿಂದ ಒಂದೆರಡು ಕಿಲೋಮೀಟರ್ ದೂರದಲ್ಲಿರುವ ಕಾಚಿಗುಡ ರೈಲು ನಿಲ್ದಾಣವಾದರೋ ತನ್ನ ಮೂಲ ಕಸುಬನ್ನು ಬಿಡದೆಯೇ ಪಾರಂಪರಿಕ ಕಟ್ಟಡವೆನಿಸಿಕೊಂಡಿತು. ಬದಲಾದದ್ದು ಅದರ ಹಿಂದಿನ ಹಳಿ ಮಾತ್ರ.

ನಿಜಾಮರ ರಾಜಧಾನಿಗೆ ರೈಲು ಬಂದದ್ದು ಕನ್ನಡದ ನೆಲದಿಂದ: ಇಂದು ಕಲಬುರಗಿ ಜಿಲ್ಲೆಯಲ್ಲಿರುವ ವಾಡಿಯಿಂದ ಸಿಕಂದರಾಬಾದಿನವರೆಗಿನ ಮಾರ್ಗ 1874ರಲ್ಲಿ ತೆರೆಯಿತು. ಮುಂದೆ 1883ರಲ್ಲಿ ರೂಪುಗೊಂಡ ಕಂಪನಿಯ ಹೆಸರು 'ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ'. ಹೂಡಿದ ಬಂಡವಾಳಕ್ಕೆ ಬಡ್ಡಿ ಸಲ್ಲಿಸುವ ಹೊಣೆಯನ್ನು ಸಂಸ್ಥಾನದ ಬೊಕ್ಕಸವೇ ಹೊತ್ತಿದ್ದರಿಂದ ಆ 'ಗ್ಯಾರಂಟೀಡ್' ವಿಶೇಷಣ. ನಿಶ್ಚಿಂತೆಯ ಹೂಡಿಕೆದಾರರು ಲಂಡನ್ನಿನಲ್ಲಿದ್ದರು, ಕಂದಾಯ ಕಟ್ಟುವವರು ಇಲ್ಲಿದ್ದರು.

ವಾಡಿಯ ಮಾರ್ಗದಲ್ಲಿ ಎರಡು ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್, ಅಂದರೆ ಬ್ರಾಡ್‌ಗೇಜ್. ಆಮೇಲೆ ಮನ್ಮಾಡ್ ಕಡೆಗೆ ಹಾಕಿದ್ದು 1,000 ಮಿಲಿಮೀಟರಿನ ಮೀಟರ್‌ಗೇಜ್. ಈ ಕಿರಿಯ ಹಳಿಯ ಜಾಲಕ್ಕೆ ಕೇಂದ್ರವಾಗಿ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ, 1916ರಲ್ಲಿ ಕಾಚಿಗುಡ ಸಿದ್ಧವಾಯಿತು. ಹೈಕೋರ್ಟ್ ಮತ್ತು ಉಸ್ಮಾನಿಯಾ ಆಸ್ಪತ್ರೆಗಳನ್ನು ವಿನ್ಯಾಸಗೊಳಿಸಿದ ವಿನ್ಸೆಂಟ್ ಎಷ್ ಇದರ ವಾಸ್ತುಶಿಲ್ಪಿ. ಕಬ್ಬಿಣದ ಸರಳು ಸೇರಿಸಿ ಮೊದಲೇ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ಜೋಡಿಸಿ ಕಟ್ಟುವ ವಿಧಾನವನ್ನು ಅವನು ಇಲ್ಲಿ ಬಳಸಿದ್ದು ಆ ಕಾಲಕ್ಕೆ ಹೊಸತಾಗಿತ್ತು. ಪ್ರವಾಸಿ ಕೈಪಿಡಿಗಳು ಇದನ್ನು ಗಾಥಿಕ್ ಶೈಲಿಯೆಂದು ಕರೆಯುವುದುಂಟು. ನಡುವಿನ ಮತ್ತು ಇಕ್ಕೆಲಗಳ ಗುಮ್ಮಟಗಳನ್ನೂ ಮಿನಾರುಗಳನ್ನೂ ನೋಡಿದರೆ ಆ ಮಾತು ಅಷ್ಟಾಗಿ ಒಪ್ಪುವುದಿಲ್ಲ. ಪರದೆ ಪಾಲಿಸುತ್ತಿದ್ದ ಮಹಿಳಾ ಪ್ರಯಾಣಿಕರಿಗೆ ಪ್ರತ್ಯೇಕ ವ್ಯವಸ್ಥೆಯಿತ್ತೆಂಬುದು ಆ ಸಮಾಜದ ರೀತಿಯನ್ನು ಗುಮ್ಮಟಗಳಿಗಿಂತ ಸ್ಪಷ್ಟವಾಗಿ ಹೇಳುತ್ತದೆ.

ಸಂಸ್ಥಾನವು 1930ರಲ್ಲಿ ರೈಲ್ವೆಯನ್ನು ಕೊಂಡುಕೊಂಡಿತು. 1951ರಲ್ಲಿ ಅದು ಮಧ್ಯ ರೈಲ್ವೆಯೊಳಗೆ ಸೇರಿ, 1966ರಲ್ಲಿ ಹೊಸದಾಗಿ ರಚಿತವಾದ ದಕ್ಷಿಣ ಮಧ್ಯ ರೈಲ್ವೆಯ ಪಾಲಾಯಿತು. ಮೀಟರ್‌ಗೇಜ್ ಹಳಿಗಳು ಕ್ರಮೇಣ ಬ್ರಾಡ್‌ಗೇಜಿಗೆ ಪರಿವರ್ತನೆಗೊಂಡಾಗ ನಿಲ್ದಾಣವನ್ನು ಕಟ್ಟಿದ ಕಾರಣವೇ ಇಲ್ಲವಾಯಿತು, ಆದರೆ ಪ್ರಯಾಣಿಕರು ಕಡಿಮೆಯಾಗಲಿಲ್ಲ. ಹೈದರಾಬಾದಿನ ಕನ್ನಡಿಗರ ಕರ್ನಾಟಕ ಸಾಹಿತ್ಯ ಮಂದಿರವಿರುವುದೂ ಕಾಚಿಗುಡದಲ್ಲೇ; ಬೆಂಗಳೂರಿನ ಮೂಲಕ ಮೈಸೂರಿನ ಕಡೆಗೆ ಹೋಗುವ ರೈಲು ಹೊರಡುವುದೂ ಇದೇ ಗುಮ್ಮಟಗಳ ಹಿಂದಿನಿಂದ.